ಉಗುರಿನಡಿಯ ಹಸಿರು

ನೊರೆ ಸರಿದ ಕಡೆ ಕೆನ್ನೆ ಹಸಿರು, ಕತ್ತಿ ಹಾದುಹೋದ ದಾರಿಯಲ್ಲಿ ತೆಳ್ಳಗೆ ಒಂದು ಹಸಿರು, ಗಡ್ಡದ ಬುಡ ಚರ್ಮದೊಳಗಿಂದ ಕಾಣುವ ಬಣ್ಣ ಅದು, ಇಷ್ಟು ವರ್ಷ ಕ್ಷೌರ ಮಾಡಿದವನಿಗೆ ಗೊತ್ತಿಲ್ಲದ್ದೇನಲ್ಲ, ಆದರೂ ಇವತ್ತು ಕಂಡದ್ದೇ ತಡ ಬಲಗೈ ಹೆಬ್ಬೆರಳು ತುರಿಸತೊಡಗಿತು — ಬೆಳಿಗ್ಗೆ ನೋಡಿದ ಹಸಿರು ಇದಕ್ಕಿಂತ ಗಾಢವಾಗಿತ್ತೋ, ತಿಳಿಯಾಗಿತ್ತೋ? ನಿನ್ನೆಗಿಂತ ತಿಳಿಯಾಗಿದ್ದ ಹಾಗಿತ್ತು, ಬೆಳಕು ಸಾಲದೆ ಹಾಗೆ ಕಂಡಿರಬೇಕು, ಬೆಳಕೇ ಇರಬೇಕು. ಅಂಗಡಿಯ ಹಿತ್ತಲಲ್ಲಿ ಗೋಡೆಗೊತ್ತಿಕೊಂಡು, ಪ್ಲಾಸ್ಟಿಕ್ ಚೀಲ ಹೊದ್ದು ಕೂತಿದೆ ಆ ಮರ, ಕಲ್ಲುಗಣಿಯ ಬಂಡೆ ಸಂದಿಯಿಂದ ಅಗೆದು ತಂದ ಮೊಣಕಾಲೆತ್ತರದ ಮುದಿ ಕಾಡುಮರ, ಬದುಕಿದರೆ ಬೋನ್ಸಾಯ್ ಆದೀತು, ಇಲ್ಲದಿದ್ದರೆ ಒಂದು ಹೊತ್ತಿನ ಒಲೆಗೂ ಸಾಲದ ಸೌದೆ. ಹಿಂದಿನ ಬಾಗಿಲು ತೆಗೆದರೆ ನಾಲ್ಕು ಹೆಜ್ಜೆ, ಹೋಗಿ ಒಂದು ಸಲ ಕಣ್ಣು ಹಾಯಿಸಿ ಬಂದರೆ — ಬೇಡ, ಕುರ್ಚಿಯಲ್ಲಿ ಲಾರಿ ಡ್ರೈವರ್ ಕತ್ತು ಹಿಂದಕ್ಕೆ ಚೆಲ್ಲಿ ಕೂತಿದ್ದಾನೆ, ಗಂಟಲು ಕತ್ತಿಯ ಕೆಳಗಿದೆ, ಮನಸ್ಸು ಇಲ್ಲಿರಲಿ. ಏನ್ರೀ, ಕೈ ನಿಂತೇ ಹೋಯ್ತು, ನಿದ್ದೆ ಬಂತಾ? ಇಲ್ಲಣ್ಣ, ಬ್ಲೇಡು ಸ್ವಲ್ಪ ಮೊಂಡಾಗಿದೆ. ಹಸಿ ಸುಳ್ಳು, ಬ್ಲೇಡು ಈಗಷ್ಟೇ ಬದಲಿಸಿದ್ದು.

ಮರ ನಿಜಕ್ಕೂ ಅವಳದು, ಹೆಂಡತಿಯದು, ಆಪರೇಷನ್ ಆದಮೇಲೆ ಮೊದಲ ಸಲ ಅಡ್ಡಾಡಲು ಹೊರಟಾಗ ಅವಳ ಕಣ್ಣಿಗೇ ಬಿದ್ದದ್ದು, ಗಣಿಯ ಅಂಚಿನಲ್ಲಿ, ಇಂದೋ ನಾಳೆಯೋ ಸಿಡಿಸಲಿದ್ದ ಬಂಡೆಯ ಮೇಲೆ, ಪಾಪ ಕಣ್ರೀ, ಎಷ್ಟು ಕಾಲದಿಂದ ಹಿಡ್ಕೊಂಡು ಕೂತಿದೆಯೋ, ಮನೆಗೆ ಕರ್ಕೊಂಡು ಹೋಗೋಣ. ಕರ್ಕೊಂಡು ಅಂದಳು, ತಗೊಂಡು ಅನ್ನಲಿಲ್ಲ. ಕುಂಡದಲ್ಲಿ ಕುಳ್ಳ ಮರ ಸಾಕುವ ಹುಚ್ಚು ಅವಳಿಗೆ ಮೊದಲಿನಿಂದಲೂ ಇತ್ತು, ಅವಳು ಕಲ್ಲಿನ ಮೇಲೆ ಕೂತು ಹೇಳಿಕೊಟ್ಟಳು, ಇವನು ಮನೆಯಿಂದ ಗುದ್ದಲಿ, ಗರಗಸ ತಂದು ಅಗೆದ, ತಾಯಿಬೇರಿಗೆ ಗರಗಸ ಇಟ್ಟಾಗ ಅವಳು ಮುಖ ತಿರುಗಿಸಿದಳು, ಒಂದು ಕೈ ತಾನಾಗಿಯೇ ಹೊಟ್ಟೆಯ ಹೊಲಿಗೆಯ ಮೇಲೆ ಹೋಗಿತ್ತು. ಆಮೇಲೆ ಒದ್ದೆ ಗೋಣಿ, ಮರದ ಪೆಟ್ಟಿಗೆ, ದಪ್ಪ ಮರಳು, ಇಟ್ಟಿಗೆ ಚೂರು, ಕಾಂಡ ಅಲ್ಲಾಡದಂತೆ ಹಗ್ಗದ ಬಿಗಿತ, ಅಲ್ಲಾಡಿದ್ರೆ ಹೊಸ ಬೇರು ಕಿತ್ತು ಹೋಗುತ್ತೆ ಕಣ್ರೀ, ಕೂದಲಿನ ಹಾಗಿರುತ್ತೆ ಅದು — ಕೂದಲು ಅಂದರೆ ಇವನಿಗೆ ಬೇಗ ಅರ್ಥವಾಗುತ್ತದೆ ಅಂತ ಅವಳಿಗೆ ಗೊತ್ತು — ಮೇಲೆ ಚೀಲ, ಒಳಗಿನ ತೇವ ಒಳಗೇ ನಿಲ್ಲಲಿ ಅಂತ. ಇನ್ನೇನು ಮಾಡಬೇಕು? ಇನ್ನೇನೂ ಮಾಡಬಾರದು. ಸುಮ್ಮನಿರಬೇಕು. ಸುಮ್ಮನಿರುವುದು ಒಂದು ಕೆಲಸವೇ, ಅದನ್ನು ಯಾವ ಗುರು ಕಲಿಸುತ್ತಾನೆ, ಚಿಕ್ಕಂದಿನಿಂದ ಕತ್ತರಿಯ ಜೊತೆ ಆಡಿದ ಬೆರಳುಗಳಿವು, ಗಿರಾಕಿ ಇಲ್ಲದ ಹೊತ್ತಿನಲ್ಲೂ ಗಾಳಿಯನ್ನು ಕತ್ತರಿಸುತ್ತಿರುತ್ತವೆ. ಅವಳು ಆಸ್ಪತ್ರೆಯಿಂದ ಬಂದ ದಿನದಿಂದ ಇವನು ಬಿಟ್ಟವನೇ ಅಲ್ಲ, ಹೇಗಿದೀಯ, ನೋವಿದೆಯಾ, ಎಲ್ಲಿ ಬಟ್ಟೆ ಸರಿಸು, ಹೊಲಿಗೆ ಒಣಗಿದೆಯಾ ನೋಡ್ತೀನಿ, ನಿದ್ದೆ ಬಂತಾ — ನಿದ್ದೆ ಬಂತಾ ಅಂತ ಕೇಳಲು ನಿದ್ದೆಯಿಂದ ಎಬ್ಬಿಸಿದ್ದ, ದೇವರೇ. ಹೀಗೆ ಎತ್ತಿ ಎತ್ತಿ ನೋಡಿದ್ರೆ ಗಾಯ ಮಾಯೋದು ಯಾವಾಗ್ರೀ? ನಿಮ್ಮ ಮುಖ ನೋಡಿದ್ರೆ ನಾನೇ ಸತ್ತುಹೋಗ್ತೀನೇನೋ ಅನ್ಸುತ್ತೆ. ಆ ಮಾತು ಆಡಿದ ಮರುದಿನವೇ ಚೀಲ ತುಂಬಿಕೊಂಡು ಅಕ್ಕನ ಮನೆಗೆ ಹೊರಟಳು, ಜಗಳವಿಲ್ಲ, ರಂಪವಿಲ್ಲ, ಬಸ್ಸಿನ ಕಿಟಕಿಯಿಂದ ನಗುತ್ತಲೇ ಹೇಳಿದಳು, ಆ ಮರನ ಮುಟ್ಟದೆ ಬದುಕಿಸಿ ತೋರಿಸಿ ನೋಡೋಣ, ಮೊದಲು ಬರೋ ಚಿಗುರನ್ನ ನಂಬಬೇಡಿ, ಅದು ಕಾಂಡ ಕೂಡಿಟ್ಟ ಗಂಟು ಕರಗಿಸೋದು ಅಷ್ಟೇ, ಬೇರು ದುಡಿಯೋಕೆ ಶುರು ಮಾಡಿದ್ರೆ ಎಲೆ ಗಟ್ಟಿಯಾಗುತ್ತೆ, ಆವತ್ತು ಫೋನ್ ಮಾಡಿ, ಬರ್ತೀನಿ. ಅಲ್ಲಿವರೆಗೆ? ಅಲ್ಲಿವರೆಗೆ ಹೇಗಿದೀಯ ಅಂತ ಫೋನ್ ಬಂತೋ, ಬರೋದೇ ಇಲ್ಲ ನೋಡಿ. ಬಾಯಿ ನಗುತ್ತಿತ್ತು, ಕಣ್ಣು ನಗುತ್ತಿರಲಿಲ್ಲ. ಇಪ್ಪತ್ತೈದು ವರ್ಷ ಸಂಸಾರ ಮಾಡಿದವನಿಗೆ ಅವಳ ತಮಾಷೆ ಯಾವುದು, ತೀರ್ಮಾನ ಯಾವುದು ಅಂತ ಗೊತ್ತಾಗದೇ ಇರುತ್ತದೆಯೇ, ಹೆದರಿಕೆ ಹುಟ್ಟಿದ್ದೇ ಆಗ, ಅವಳಿಲ್ಲದ ಮನೆಯಲ್ಲಿ ಕುಕ್ಕರು ಕೂಗಿದರೂ ಎದೆ ಹಾರುತ್ತದೆ ಈಗ.

ಮುಟ್ಟಲಿಲ್ಲವಲ್ಲ, ಅಂದರೆ ಹಿಡಿದು ಅಲ್ಲಾಡಿಸಲಿಲ್ಲ, ಹಗ್ಗ ಬಿಚ್ಚಲಿಲ್ಲ, ಪೆಟ್ಟಿಗೆ ತಿರುಗಿಸಲಿಲ್ಲ. ಕೂದಲಿಗೆ ನೀರು ಹೊಡೆಯುವ ಬಾಟಲಿಯಿಂದ ಒಂದಿಷ್ಟು ಚಿಮುಕಿಸಿ ಚೀಲ ಮುಚ್ಚುತ್ತಿದ್ದ, ಒಂದು ದಿನ ಮುಚ್ಚುವ ಮೊದಲು ಬರೀ ಒಂದು ಸಲ, ಜೀವ ಇದೆಯೋ ಇಲ್ಲವೋ ತಿಳಿಯಲಿ ಅಂತ, ಇದ್ದೊಂದೇ ಕೊಂಬೆಯ ತೊಗಟೆಯನ್ನು ಹೆಬ್ಬೆರಳ ಉಗುರಿನಿಂದ ಮೆಲ್ಲಗೆ ಕೆರೆದ. ಹಸಿರು! ಉಗುರಿನ ಸಂದಿಯಲ್ಲಿ ಒದ್ದೆ ಹಸಿರು. ಆವತ್ತು ಎಷ್ಟು ಚೆನ್ನಾಗಿ ನಿದ್ದೆ ಬಂತು. ಮಾರನೆಯ ದಿನ ಮತ್ತೆ ಅನುಮಾನ, ನಿನ್ನೆಯ ಹಸಿರು ನಿನ್ನೆಯದು, ಇವತ್ತಿನದು ನೋಡಬೇಡವೇ, ಅದೇ ಜಾಗದಲ್ಲಿ ಕೆರೆದರೆ ಗಾಯ ಆಳವಾದೀತು ಅಂತ ಜಾಣತನ ಮಾಡಿ ಪಕ್ಕದಲ್ಲಿ ಕೆರೆದ, ಆಮೇಲೆ ಅದರ ಪಕ್ಕದಲ್ಲಿ. ಕೆಲಸವಿಲ್ಲದ ಬಡಗಿ ಏನೋ ಕೆತ್ತಿದನಂತೆ, ಆ ಗಾದೆಯನ್ನು ಪೂರ್ತಿ ಹೇಳಿ ಅವಳು ಬಿದ್ದು ಬಿದ್ದು ನಗುತ್ತಿದ್ದಳು. ಈಗ ಉಸಿರಾಡಲು ಕಷ್ಟವೇನೋ ಅವಳಿಗೆ, ಹೊಲಿಗೆ ಬಿಟ್ಟುಕೊಂಡಿತೇನೋ, ಇವರಿಗೆ ಹೇಳಬೇಡ ಅಕ್ಕಾ, ಗಾಬರಿ ಮಾಡ್ಕೊಳ್ತಾರೆ ಅಂದಿರುತ್ತಾಳೆ — ಜೇಬಿನಲ್ಲಿ ಫೋನು ತೊಡೆಗೆ ಒತ್ತುತ್ತಿದೆ, ಬಲಗೆನ್ನೆ ಮುಗಿಯಿತು, ಎಡಗೆನ್ನೆಗೆ ಇನ್ನೊಮ್ಮೆ ಬ್ರಶ್ಶು. ಡ್ರೈವರ್ ಕಣ್ಣು ಮುಚ್ಚಿಕೊಂಡೇ ಮಾತಾಡುತ್ತಿದ್ದಾನೆ, ಮರದ ಲೋಡು, ಹೊಸ ರಸ್ತೆ, ರಸ್ತೆಗೆ ಅಡ್ಡ ಬಂದ ಮರಗಳು, ಕಡಿದ್ರೆ ಜನ ಗಲಾಟೆ ಮಾಡ್ತಾರಲ್ಲ, ಅದಕ್ಕೆ ಕಂಟ್ರಾಕ್ಟರ್ ಉಪಾಯ ಮಾಡಿದ್ದಾನೆ ನೋಡಿ, ಕೊಡಲಿನೇ ಬೇಡ, ತೊಗಟೆನ ಸುತ್ತಲೂ ಒಂದು ಬಳೆಯಷ್ಟು ಕೆತ್ತಿಬಿಡೋದು. ಅಷ್ಟೇನಾ? ಅಷ್ಟೇ ಕಣ್ರೀ, ಸುತ್ತು ಕೂಡಿತೋ ಮುಗೀತು, ಮೇಲಿನ ಊಟ ಕೆಳಗೆ ಇಳಿಯಲ್ಲ, ಬೇರು ಉಪವಾಸ ಬಿದ್ದು ಸಾಯುತ್ತೆ, ಮೇಲೆ ಹಸಿರಾಗಿ ಕಾಣ್ತಾ ಇರುತ್ತೆ, ಯಾರಿಗೂ ಗೊತ್ತಾಗಲ್ಲ. ಕತ್ತಿ ನಿಂತಿತು. ಬಳೆ. ಪಕ್ಕದಲ್ಲಿ, ಅದರ ಪಕ್ಕದಲ್ಲಿ, ಅದರ ಪಕ್ಕದಲ್ಲಿ — ಎಲ್ಲವೂ ಒಂದೇ ಎತ್ತರದಲ್ಲಿ, ಕೈ ಸಲೀಸಾಗಿ ತಲುಪುವ ಎತ್ತರದಲ್ಲಿ. ರೀ, ಎಲ್ಲಿಗೆ ಹೊರಟ್ರಿ, ಅರ್ಧ ಮುಖ ಹಾಗೇ ಇದೆ! ಒಂದ್ನಿಮಿಷ ಅಣ್ಣ, ಒಂದೇ ನಿಮಿಷ.

ಬಾಗಿಲಿನ ಚಿಲಕ, ಬಿಸಿಲು, ಒಗೆದು ಹರವಿದ ಟವೆಲ್ಲುಗಳು, ಚೀಲದ ಒಳಮೈ ತುಂಬ ಹನಿ. ಚೀಲ ಎತ್ತಿದ, ಕೊನೆಯ ಸಲ ಎತ್ತುತ್ತಿದ್ದೇನೆ ಅಂತ ಯಾರಿಗೋ ಆಣೆ ಮಾಡುತ್ತ ಎತ್ತಿದ, ಕೊಂಬೆಯ ತುದಿಯಲ್ಲಿ ಎರಡು ಮೊಗ್ಗು ಬಾಯಿ ಬಿಟ್ಟಿವೆ, ಕೆಂಪು ಮೂತಿಯ ಚಿಗುರು, ಬೆಳಿಗ್ಗೆ ಯಾಕೆ ಕಾಣಲಿಲ್ಲ, ಬೆಳಿಗ್ಗೆ ಕಣ್ಣು ಉಗುರಿನ ಮೇಲಿತ್ತು, ಚಿಗುರಿತು ಕಣೇ, ಚಿಗುರಿತು, ಅನ್ನಲು ಬಾಯಿ ತೆರೆದವನು ಕೆಳಗೆ ನೋಡಿದ. ಒಣಗಿ ಕಪ್ಪಾದ ಗೀರು, ಕಂದುಗಟ್ಟಿದ ಗೀರು, ಬೆಳಗಿನ ಹಸಿ ಗೀರು, ಒಂದರ ತೋಳು ಒಂದು ಹಿಡಿದು ಕೊಂಬೆಯನ್ನು ಸುತ್ತಿಕೊಂಡಿವೆ, ಯಾವ ಕಂಟ್ರಾಕ್ಟರನೂ ಇಷ್ಟು ಅಚ್ಚುಕಟ್ಟಾಗಿ ಕೆತ್ತಲಾರ. ಹೇಗಿದೀಯ, ಹೇಗಿದೀಯ, ಹೇಗಿದೀಯ. ಹಿಂಭಾಗ? ಹಿಂಭಾಗ ಕಾಣುವುದಿಲ್ಲ, ಗೋಡೆ ಅಡ್ಡ, ಪೆಟ್ಟಿಗೆ ತಿರುಗಿಸುವಂತಿಲ್ಲ, ಮರಳಿನ ಭಾರಕ್ಕೆ ಹೆದರಿ ಒಂದು ದಿನವೂ ತಿರುಗಿಸಿರಲಿಲ್ಲ, ಸೋಮಾರಿ, ಸೋಮಾರಿ ಅಂತ ಅವಳು ಬೈಯುತ್ತಿದ್ದದ್ದು ಸುಳ್ಳೇ — ಗೋಡೆಗೆ ಕೆನ್ನೆ ಒತ್ತಿ, ಒಂದು ಕಣ್ಣು ಮುಚ್ಚಿ, ಸಂದಿಯಲ್ಲಿ ಇಣುಕಿದ. ಇದೆ. ಗೋಡೆಯ ಕಡೆಗೆ, ಬೆರಳು ತೂರದ ಕಡೆಗೆ, ಅಕ್ಕಿಕಾಳಿನಷ್ಟು ಅಗಲಕ್ಕೆ ತೊಗಟೆ ಉಳಿದಿದೆ, ಕಂದು ಬಣ್ಣದ್ದು, ಒರಟು, ಗೀರಿಲ್ಲದ್ದು, ಮೇಲಿನಿಂದ ಕೆಳಕ್ಕೆ ಅದೊಂದೇ ದಾರಿ. ಇವನ ಪ್ರೀತಿಯ ಕೈ ತಲುಪದೇ ಇದ್ದದ್ದರಿಂದ ಉಳಿದದ್ದು. ಅಳು ಬಂತು, ನಗುವೂ ಬಂತು. ಅದರೊಳಗೂ ಹಸಿರಿದೆಯಾ? ಇದ್ದರೆ ಬದುಕುತ್ತದೆ, ಇದೆಯೋ ಇಲ್ಲವೋ, ಒಂದೇ ಒಂದು ಗೀರು, ಕೂದಲೆಳೆಯಷ್ಟು — ಹೆಬ್ಬೆರಳು ಆಗಲೇ ಗೋಡೆಯ ಸಂದಿಗೆ ಹೊರಟಿದೆ, ಹೇಗೋ ಓರೆಯಾಗಿ ತೂರುತ್ತಿದೆ, ಅಯ್ಯೋ ಕೈಯೇ, ನಿಲ್ಲು. ಎಳೆದುಕೊಂಡ. ಚಿಲಕ ತೆಗೆಯುವಾಗ ಎಡಗೈಗೆ ಬದಲಿಸಿದ್ದ ಕತ್ತಿಯನ್ನು ಎತ್ತಿ, ಡ್ರೈವರನ ನೊರೆ ಅಂಟಿದ್ದ ಅದೇ ಅಲಗಿನಿಂದ ಬಲಗೈ ಹೆಬ್ಬೆರಳ ಉಗುರನ್ನು ಕೊಯ್ದ, ಮಾಂಸದವರೆಗೂ ಕೊಯ್ದ, ಒಂದು ಹನಿ ರಕ್ತ ಮೂಡಿತು, ಕತ್ತರಿಸಿದ ಉಗುರು ಮರಳಿನ ಮೇಲೆ ಬಿತ್ತು, ಅದರ ಅಂಚಿನಲ್ಲಿ ಹಸಿರು. ಒಳಗಿಂದ ಡ್ರೈವರ್ ಕೂಗುತ್ತಿದ್ದಾನೆ, ನೊರೆ ಒಣಗ್ತಾ ಇದೆ ಮಾರಾಯರೇ, ಬದುಕಿದೀರಾ? ಫೋನು ತೊಡೆಗೆ ಒತ್ತುತ್ತಿದೆ, ಚಿಗುರಿತು ಅನ್ನಬಹುದು, ಅನ್ನಬಾರದು, ಎಲೆ ಗಟ್ಟಿಯಾಗಲಿ, ಹೇಗಿದೀಯ ಅನ್ನಬಾರದು, ಹೇಗಿದೀಯೋ, ಚೀಲ ಇಳಿಸಬೇಕು, ಇಳಿಸಿದ, ಹನಿಗಳ ಹಿಂದೆ ಚಿಗುರು ಮಸುಕಾಯಿತು, ಗೀರುಗಳು ಮಸುಕಾದವು, ಇನ್ನು ಹೋಗಬೇಕು, ಅರ್ಧ ಗಡ್ಡ ಕಾಯುತ್ತಿದೆ, ಆದರೂ ಕೆನ್ನೆ ಮತ್ತೆ ಗೋಡೆಗೆ ಅಂಟಿಕೊಂಡಿದೆ, ಚೀಲದ ಮಸುಕಿನಲ್ಲಿ ಕಾಣದಿದ್ದರೂ ಕಣ್ಣು ಸಂದಿಯಲ್ಲೇ ಇದೆ, ಗೋಡೆಯ ಕಡೆಗೆ, ಬೆರಳು ತೂರದ ಕಡೆಗೆ, ಅಕ್ಕಿಕಾಳಿನಷ್ಟು ಅಗಲ, ಕಂದು, ಗೀರಿಲ್ಲದ್ದು