ಹೊತ್ತಿಸಿ ತಾ

"ಉಗುಳು ನುಂಗಬೇಡ ಅಜ್ಜಿ, ತಾನಾಗೇ ಇಳೀಲಿ ಬಿಡು," ಎಂದು ಡಾಕ್ಟರಮ್ಮ ಮೂರನೇ ಸಲ ಹೇಳಿದಳು. ಯರ್ರಮ್ಮ ತಲೆ ಬಗ್ಗಿಸಿ, ತುಟಿಗೆ ಗಾಜಿನ ಕೊಳವೆ ಹಿಡಿದು ಕೂತೇ ಇದ್ದಳು. ಇಳಿಯುವುದಕ್ಕೆ ಬಾಯಲ್ಲಿ ಏನಾದರೂ ಇದ್ದರೆ ತಾನೆ!

ತುಫಾನು ಬಂದಾಗ ಊರೆಲ್ಲ ಹೋಗಿ ಸೇರುವ ಕಟ್ಟಡದ ಜಗಲಿಯ ಮೇಲೆ ಹಲ್ಲಿನ ಕಾಲೇಜಿನವರು ಬೆಸ್ತರನ್ನು ಸಾಲಾಗಿ ಕೂರಿಸಿದ್ದರು. ಬೀಡಿಯವರು ಒಂದು ಕಡೆ, ಹೊಗೆಸೊಪ್ಪು ಸುತ್ತಿದ ಚುಟ್ಟವನ್ನು ನೆಟ್ಟಗೆ ಸೇದುವ ಗಂಡಸರು ಇನ್ನೊಂದು ಕಡೆ, ಉರಿಯುವ ತುದಿಯನ್ನೇ ಬಾಯೊಳಗಿಟ್ಟುಕೊಂಡು ಸೇದುವ ಹೆಂಗಸರು ಮತ್ತೊಂದು ಕಡೆ. ಯಾವ ಹೊಗೆ ಉಗುಳನ್ನು ಎಷ್ಟು ಹುಳಿ ಮಾಡುತ್ತದೆ, ಎಷ್ಟು ಬತ್ತಿಸುತ್ತದೆ ಎಂದು ನೋಡುವುದಂತೆ. ಸಾಲಿನಲ್ಲಿದ್ದವರು ಬೆಳಗಿನಿಂದ ಏನೂ ಸೇದುವಂತಿಲ್ಲ, ತಿನ್ನುವಂತಿಲ್ಲ.

"ಏನೇ ಯರ್ರಮ್ಮ, ನಲ್ಲಿ ಹತ್ರ ಜಗಳಕ್ಕೆ ನಿಂತ್ರೆ ಅಷ್ಟು ಉಗೀತೀಯ, ಈಗೆಲ್ಲಿ ಹೋಯ್ತೇ?" ಎಂದು ಪಕ್ಕದ ಚಿನ್ನಯಮ್ಮ ಕಿಚಾಯಿಸಿದಳು. ಸಾಲಿಗೆ ಸಾಲೇ ನಕ್ಕಿತು.

ಡಾಕ್ಟರಮ್ಮ ಬೀಡಿಯವರ ಕಡೆ ತಿರುಗಿದ್ದೇ ತಡ, ಜೊತೆಗೆ ಬಂದಿದ್ದ ಮಗಳು ರತ್ನಂ ಕೊಳವೆ ಕಸಿದುಕೊಂಡಳು. "ಕೊಡಿಲ್ಲಿ, ಮಾನ ಹೋಗ್ತಿದೆ." ಕಂಬಕ್ಕೆ ಮುಖ ಮಾಡಿ ತನ್ನ ಉಗುಳನ್ನೇ ಗೆರೆಯವರೆಗೂ ತುಂಬಿಸಿಕೊಟ್ಟಳು.

ಯರ್ರಮ್ಮನ ಜೀವ ತಣ್ಣಗಾಯಿತು. ಮಗಳದು ಹೊಗೆ ಕಾಣದ ಬಾಯಿ. ಅಂಗುಳಿನ ಹುಣ್ಣಿನಿಂದ ತನ್ನ ಅಕ್ಕ ಗಂಜಿಯನ್ನೂ ನುಂಗಲಾರದೆ ಸತ್ತಾಗ, ಚುಟ್ಟ ಮುಟ್ಟುವುದಿಲ್ಲ ಎಂದು ಹನ್ನೆರಡು ವರ್ಷದ ರತ್ನಂ ಕೈಯಲ್ಲಿ ಆಣೆ ಹಾಕಿಸಿಕೊಂಡಿದ್ದಳು. ತನಗೆ ಬಿಡಲಾಗಲಿಲ್ಲ, ಹಾಳಾಗಿ ಹೋಗಲಿ. ಮಗಳೊಬ್ಬಳು ಉಳಿದಳಲ್ಲ ಎಂಬುದೇ ಅವಳ ದೊಡ್ಡ ಹೆಮ್ಮೆ.

ಡಾಕ್ಟರಮ್ಮ ಕೊಳವೆಗೆ ಕಾಗದದ ಚೂರು ಅದ್ದಿದಳು. ಹುಳಿಯಿಲ್ಲದಿದ್ದರೆ ಹಸಿರಾಗಬೇಕಿತ್ತು. ಚಿನ್ನಯಮ್ಮನದರಂತೆಯೇ ಹಳದಿಗೆ ತಿರುಗಿತು.

"ಬೆಂಕಿ ಒಳಗಿಟ್ಕೊಳ್ಳೋರದ್ದೆಲ್ಲ ಹೆಚ್ಚುಕಮ್ಮಿ ಹೀಗೇ ಅಜ್ಜಿ. ನಿಂದು ಇನ್ನೂ ಒಂದು ಕೈ ಜಾಸ್ತಿ."

ಯರ್ರಮ್ಮ ಮಗಳತ್ತ ನೋಡಿದಳು. "ಬೆಳಿಗ್ಗೆ ನೀನು ಹುಣಸೆ ಸಾರು ಉಂಡೆ ಅಲ್ವೇನೇ? ಅದಕ್ಕೇ ಇರ್ಬೇಕು," ಎಂದು ಪಿಸುಗುಟ್ಟಿದಳು. ಹೂಂ ಅನ್ನು ಮಗಳೇ, ಸುಳ್ಳಾದರೂ ಅನ್ನು ಎಂದು ಒಳಗೇ ಬೇಡಿಕೊಂಡಳು.

"ಇಲ್ಲಮ್ಮ. ಬರೀ ಗಂಜಿ."

"ಯಾವಾಗಿಂದ?"

ರತ್ನಂ ಸಮುದ್ರದ ಕಡೆ ನೋಡಿದಳು. "ನಿನ್ನ ಕೈ ಮೀನಿನ ಉಪ್ಪಲ್ಲಿ ಇರ್ತಿತ್ತು. ಚುಟ್ಟ ಹೊತ್ತಿಸಿ ತಾ ಅಂತ ಒಲೆ ಹತ್ರ ಕಳಿಸ್ತಿದ್ದೆ. ಎಳೀದೆ ಹೊತ್ತುತ್ತೇನಮ್ಮ?"

ಆಗ ಅವಳಿಗೆ ಏಳು ವರ್ಷ. ಊರಿನ ಎಲ್ಲ ಮಕ್ಕಳೂ ಹಾಗೆ ಹೊತ್ತಿಸಿ ತಂದುಕೊಡುತ್ತಿದ್ದವು. ಅದನ್ನು ಸೇದುವುದು ಎಂದು ಯಾರೂ ಅಂದುಕೊಂಡಿರಲಿಲ್ಲ. ಆಣೆ ಹಾಕಿಸುವ ಹೊತ್ತಿಗೆ ಐದು ವರ್ಷ ತಡವಾಗಿತ್ತು. ಆ ಕೊಳವೆ ನನ್ನದಲ್ಲ, ಇವಳ ಬಾಯಿ ನೋಡಿ ಡಾಕ್ಟರಮ್ಮ ಎಂದು ಕೂಗಬೇಕೆನಿಸಿತು. ಒಣಗಿದ ನಾಲಿಗೆ ಏಳಲಿಲ್ಲ. ಡಾಕ್ಟರಮ್ಮ ಯರ್ರಮ್ಮನ ಅಂಗುಳಿಗೆ ಮಾತ್ರ ಬ್ಯಾಟರಿ ಬೆಳಕು ಬಿಟ್ಟು ನೋಡಿ, ಮುಂದಿನವಳನ್ನು ಕರೆದಳು.

ಮಧ್ಯಾಹ್ನ ಯರ್ರಮ್ಮ ಮರಳಿನ ಮೇಲೆ ಕೂತು ಮೀನಿಗೆ ಉಪ್ಪು ತಿಕ್ಕುತ್ತಿದ್ದಳು. ಬೆಳಗಿನಿಂದ ಒಂದು ದಮ್ಮೂ ಎಳೆದಿರಲಿಲ್ಲ. ಆದರೂ ಅವಳು ಮಗಳನ್ನು ಕರೆಯಲಿಲ್ಲ.

ಕರೆಯದಿದ್ದರೂ ರತ್ನಂ ಬಂದಳು. ಒಲೆಯಲ್ಲಿ ಹೊತ್ತಿಸಿ, ಕೆಂಡ ಹಿಡಿಸಿದ ಚುಟ್ಟವನ್ನು ಮೊದಲಿನಂತೆಯೇ ಉರಿಯುವ ತುದಿ ತಿರುಗಿಸಿ ತಾಯಿಯ ಬಾಯಿಗೆ ಹಿಡಿದಳು.

"ತಗೋ ಅಮ್ಮ."

ಯರ್ರಮ್ಮ ತುಟಿ ಬಿಗಿದುಕೊಂಡು ಮಗಳ ಮುಖವನ್ನೇ ನೋಡುತ್ತಿದ್ದಳು. ಮಗಳೂ ಕೈ ಹಿಂದಕ್ಕೆ ತೆಗೆಯಲಿಲ್ಲ. ಇಬ್ಬರ ನಡುವೆ ಚುಟ್ಟದ ಬೂದಿ ಬೆಳೆದು ಬೆಳೆದು ಉಪ್ಪು ಸವರಿದ ಮೀನಿನ ಮೇಲೆ ಬಿತ್ತು.