ಸಿಸ್ಟರ್ ಅಡೆಲಾಗೆ ಒಂದು ಶಾಲು

ಸಾವಿರ ವರ್ಷದ ಹಿಂದೆ ಜರ್ಮನಿಯ ಒಂದು ಕ್ರೈಸ್ತ ಸನ್ಯಾಸಿನಿಯರ ಮಠದಲ್ಲಿ ಸಿಸ್ಟರ್ ಅಡೆಲಾ ಲ್ಯಾಟಿನ್‌ನಲ್ಲಿ ನಾಟಕ ಬರೆದಳು. ಚಕ್ರವರ್ತಿ ಮದುವೆಯಾಗು ಅನ್ನುತ್ತಾನೆ, ಕನ್ಯೆ ಯೇಸುವೇ ಸಾಕು ಅನ್ನುತ್ತಾಳೆ, ಅವನು ಕತ್ತಿ ಎತ್ತುತ್ತಾನೆ. ಅಬುಧಾಬಿಯಲ್ಲಿ ನರ್ಸ್ ಆಗಿದ್ದ ಸಿಸಿಲಿಯಾ ಅದನ್ನು ಇಂಗ್ಲಿಷಿನಲ್ಲಿ ಓದಿ ಕನ್ನಡಕ್ಕೆ ತಂದಳು. ಆರು ತಿಂಗಳು ಹಿಡಿಯಿತು. ಟೂರಿಸ್ಟ್ ಕ್ಲಬ್ ಏರಿಯಾದ ಫ್ಲ್ಯಾಟಿನಲ್ಲಿ ಅವಳ ಜೊತೆಗಿದ್ದ ಮುಹ್ಸಿನಾ ಚಕ್ರವರ್ತಿಯಾದಳು. ಮಠದಲ್ಲಿ ಗಂಡು ಪಾತ್ರಕ್ಕೆ ಗಂಡಸರು ಎಲ್ಲಿದ್ದರು ಎಂಬುದು ಸಿಸಿಲಿಯಾಳ ವಾದ. ಮುಹ್ಸಿನಾಗೆ ಮೀಸೆ ಹಿಡಿಸಿತ್ತು, ಅಷ್ಟೆ.

ದುಬೈಯ ಕರಾವಳಿ ಸಂಘದ ವಾರ್ಷಿಕೋತ್ಸವಕ್ಕೆ ನಾಟಕ ಆಯ್ಕೆಯಾಯಿತು. ಅಧ್ಯಕ್ಷ ಲಿಯೊನೆಲ್ ಫೋನಿನಲ್ಲಿ ಒಂದು ನಿಯಮ ತಿಳಿಸಿದ. ಆಮಂತ್ರಣದಲ್ಲಿ ಹೆಸರಿರುವ ಲೇಖಕರು ಬಂದು ಶಾಲು ಹೊದೆಸಿಕೊಳ್ಳಲೇಬೇಕು. ಹಿಂದಿನ ವರ್ಷ ಒಬ್ಬ ಕವಿ ಬರದೆ, ಪ್ರಾಯೋಜಕರು ಶಾಲು ಹಿಡಿದು ಹತ್ತು ನಿಮಿಷ ನಿಂತಿದ್ದರಂತೆ. ಬರೆದವರಿಗೆ ಬರಲು ಕಷ್ಟವಾದರೆ ‘ರಚನೆ’ ಎಂಬಲ್ಲಿ ತನ್ನ ಹೆಸರೇ ಇರಲಿ ಎಂದು ಉದಾರವಾಗಿ ಹೇಳಿದ.

ತನ್ನ ಹೆಸರು ಇಲ್ಲದಿದ್ದರೂ ಸಿಸಿಲಿಯಾಗೆ ನಡೆಯುತ್ತಿತ್ತು. ಸಾವಿರ ವರ್ಷ ಉಳಿದು ಬಂದ ಹೆಂಗಸಿನ ಹೆಸರನ್ನು ಲಿಯೊನೆಲ್ ಒರೆಸುವುದು ನಡೆಯುತ್ತಿರಲಿಲ್ಲ. ಸಿಸ್ಟರ್ ಬರುತ್ತಾರೆ ಎಂದುಬಿಟ್ಟಳು.

ಸಂಘದಲ್ಲಿ ಸನ್ಮಾನ ನಡೆಯುವುದು ನಾಟಕದ ನಡುವೆ. ನಾಟಕ ಮುಗಿದರೆ ಜನ ಬಿರಿಯಾನಿಗೆ ಓಡುತ್ತಾರೆ. ಆ ಸಂಜೆ ಮುಹ್ಸಿನಾ ಕತ್ತಿ ಎತ್ತಿದಾಗ ಸರಿಯಾಗಿ ಲಿಯೊನೆಲ್ ಮೈಕ್ ಹಿಡಿದು ವೇದಿಕೆ ಹತ್ತಿದ. ಹಿಂದಿನಿಂದ ಶಾಲು, ಹಣ್ಣಿನ ಬುಟ್ಟಿ, ಫೋಟೋಗ್ರಾಫರ್. ಜರ್ಮನಿಯಿಂದ ಬಂದಿರುವ ಸಿಸ್ಟರ್ ಅಡೆಲಾ ಅವರನ್ನು ಮೂರು ಸಲ ಕರೆದ.

ಕನ್ಯೆಯ ವೇಷದಲ್ಲಿ, ಹಗ್ಗದಿಂದ ಕೈ ಕಟ್ಟಿಸಿಕೊಂಡು ಮೊಣಕಾಲೂರಿದ್ದ ಸಿಸಿಲಿಯಾ ಮೆಲ್ಲನೆ ಹೇಳಿದಳು: “ಸರ್, ಅವರು ತೀರಿಹೋಗಿದ್ದಾರೆ.”

ಯಾವಾಗ ಎಂದು ಹೇಳುವಷ್ಟರಲ್ಲಿ ಲಿಯೊನೆಲ್ ಮುಖ ಸಪ್ಪಗೆ ಮಾಡಿಯಾಗಿತ್ತು. ಸಾಹಿತ್ಯಲೋಕಕ್ಕೆ ತುಂಬಲಾರದ ನಷ್ಟ ಎಂದ. ಒಂದು ನಿಮಿಷದ ಮೌನಕ್ಕೆ ನಾನೂರು ಜನ ಎದ್ದು ನಿಂತರು. ಚಕ್ರವರ್ತಿಯೂ ಕತ್ತಿ ಇಳಿಸಿ ತಲೆ ಬಗ್ಗಿಸಿದ. ಮೀಸೆಯ ಒಂದು ಬದಿ ಕಿತ್ತು ಬಂತು.

ಕುಟುಂಬದ ಪರವಾಗಿ ಶಾಲನ್ನು ಸಿಸಿಲಿಯಾಗೆ ಹೊದೆಸಿದರು. ಅವಳ ಹಗ್ಗ ಬಿಚ್ಚಲು ಯಾರಿಗೂ ಪುರುಸೊತ್ತಿರಲಿಲ್ಲ. ಹಾಗಾಗಿ ಹಣ್ಣಿನ ಬುಟ್ಟಿಯನ್ನು ಮುಹ್ಸಿನಾ ಎಡಗೈಯಲ್ಲಿ ಹಿಡಿದುಕೊಂಡು, ಬಲಗೈಯಲ್ಲಿ ಮತ್ತೆ ಕತ್ತಿ ಎತ್ತಿದಳು.

“ಮೊದಲೇ ಹೇಳಬಾರದಾ ಮಾರಾಯ್ತಿ? ಒಂದು ಹೂವಿನ ಹಾರ ತರಿಸ್ತಿದ್ದೆ,” ಎಂದು ಲಿಯೊನೆಲ್ ಆಮೇಲೆ ಗೊಣಗಿದ.

ಬಿರಿಯಾನಿಯ ಸಾಲಿನಲ್ಲಿ ಮುದುಕಿಯೊಬ್ಬರು ಸಿಸಿಲಿಯಾಳ ಕೈ ಹಿಡಿದುಕೊಂಡರು.

“ಪಾಪ, ಸಿಸ್ಟರಿಗೆ ಎಂತ ಆದದ್ದು? ಶುಗರ್ ಇತ್ತಾ?”

“ಪ್ರಾಯ ಆಗಿತ್ತು ಆಂಟಿ.”

“ಶುಕ್ರವಾರ ಚರ್ಚಿನ ಬಲಿಪೂಜೆಗೆ, ತೀರಿಹೋದವರ ಪಟ್ಟಿಯಲ್ಲಿ ಹೆಸರು ಬರೆಸ್ತೇನೆ. ಸರಿಯಾಗಿ ಹೇಳು.”

ಸಿಸಿಲಿಯಾ ಒಂದೊಂದೇ ಅಕ್ಷರ ಬಿಡಿಸಿ ಹೇಳಿದಳು.