ಕಿವಿಯ ಎತ್ತರ

ನ್ಯೇಲೆ ಎರಡನೆಯ ಮೈಕನ್ನೂ ಕಿತ್ತು ರೇಡಿಯೋ ಅಧಿಕಾರಿ ದ್ರಾಮಾನನ ಕೈಗೆ ತುರುಕಿದಳು.

“ಏನಮ್ಮ ಇದು? ರೇಡಿಯೋ ಸಾಮಾನು!”

“ಅದಕ್ಕೇ ತಗೊಂಡು ಹೋಗಿ ಸಾಹೇಬ್ರೇ. ಡಾಕ್ಟ್ರು ರೋಗಿ ಎದೆ ನೋಡೋ ಹಾಗೆ ಒಬ್ಬೊಬ್ಬರ ಎದೆಗೂ ಒಂದೊಂದು ಇಟ್ಟಿದ್ದೀರಲ್ಲ!”

ಅವಳ ಅಪ್ಪ ಜೂಮಾನಾ ಕುಲಿಬಾಲಿಗೆ ಮಣ್ಣು ಹಾಕಿ ಗಂಡಸರು ಆಗಷ್ಟೇ ಮರಳಿದ್ದರು. ಇಮಾಮರು ಹೊರಟುಹೋಗಿದ್ದರು. ಅಂಗಳದಲ್ಲಿ ಮೂವರು ವಾದ್ಯಗಾರರು ವಯಸ್ಸಿಗೆ ತಕ್ಕಂತೆ ಕುಳಿತಿದ್ದರು: ಮುಂದೆ ಬಾಲಫೋನಿನ ಮರದ ಪಟ್ಟಿಗಳ ಹಿಂದೆ ಅಜ್ಜ ಕೆಲೆಮೊನ್ಸೊನ್, ಅವನ ಹಿಂದೆ ಹಲವು ತಂತಿಗಳ ಕೋರಾ ನುಡಿಸುವವನು, ಗೋಡೆಯ ಬಳಿ ಪುಟ್ಟ ತಂತಿವಾದ್ಯ ಅಂಗೋನಿಯವನು. ಗೆಳೆಯನಿಗಾಗಿ ಇದೊಂದು ಸಲ, ಆಮೇಲೆ ಕೋಲು ಮುಟ್ಟುವುದಿಲ್ಲ ಎಂದು ಅಜ್ಜ ಹೇಳಿಬಿಟ್ಟಿದ್ದ. ಇಂದು ಕೆಟ್ಟರೆ ಇನ್ನೊಂದು ಧ್ವನಿಮುದ್ರಣವಿಲ್ಲ.

ದ್ರಾಮಾನ ಸಮಾಧಿಯ ಬಳಿ ಭಾಷಣ ಬೇರೆ ಮಾಡಿ ಬಂದಿದ್ದ. ರೇಡಿಯೋದಲ್ಲಿ ಮೂವತ್ತೊಂದು ವರ್ಷ ಧ್ವನಿಮುದ್ರಣ ಮಾಡಿದ ಅಪ್ಪನನ್ನು ‘ನನ್ನ ಸಹಾಯಕ’ ಎಂದನಂತೆ. ಅದನ್ನು ಕೇಳಿದಾಗಿನಿಂದ ನ್ಯೇಲೆಯ ಮೈ ಉರಿಯುತ್ತಿತ್ತು.

*

ಬಹಳ ವರ್ಷಗಳ ಹಿಂದೆ ರೇಡಿಯೋ ಸ್ಟುಡಿಯೋದಲ್ಲಿ ಇದ್ದದ್ದು ಒಂದೇ ಮೈಕು. ಬಾಲಫೋನಿನ ಅಬ್ಬರಕ್ಕೆ ಅಂಗೋನಿ ಕೇಳುತ್ತಲೇ ಇರಲಿಲ್ಲ.

“ಬಾಲಫೋನ್ ಮುದುಕನ್ನ ಹಿಂದಕ್ಕೆ ಕೂರಿಸು,” ಎಂದ ಹೊಸ ಅಧಿಕಾರಿ ದ್ರಾಮಾನ.

ಹಿರಿಯನನ್ನು ಹಿಂದೆ ಕೂರಿಸುವುದೇ? ಜೂಮಾನಾ ಮೂರು ಕಾಲಿನ ಮಣೆಯೊಂದನ್ನು ಹಿಡಿದು ಬೆಳಗಿನಿಂದ ಮಧ್ಯಾಹ್ನದವರೆಗೆ ಅಲ್ಲಿ ಕೂತ, ಇಲ್ಲಿ ಕೂತ, ಕಣ್ಣು ಮುಚ್ಚಿ ಕೇಳಿದ. ಕೊನೆಗೆ ಗೋಡೆಯ ಹತ್ತಿರ, ಅಂಗೋನಿಯ ಪಕ್ಕದಲ್ಲಿ ಮೂರೂ ವಾದ್ಯಗಳು ಸಮನಾಗಿ ಕಿವಿಗೆ ಸಿಕ್ಕವು. ತನ್ನ ಕಿವಿಯಿದ್ದ ಜಾಗಕ್ಕೆ ಮೈಕು ತಂದಿಟ್ಟ. ಹಿರಿಯ ಒಂದು ಗೇಣೂ ಸರಿಯಬೇಕಾಗಲಿಲ್ಲ.

ಕ್ಯಾಸೆಟ್ಟಿನ ಮೇಲೆ ದ್ರಾಮಾನನ ಹೆಸರು ಅಚ್ಚಾಯಿತು. ಜೂಮಾನಾ ಒಂದನ್ನು ಮನೆಗೆ ತಂದು, “ಅಂಗೋನಿ ಚೆನ್ನಾಗಿ ಕೇಳುತ್ತೆ, ಅಲ್ವಾ?” ಎಂದ. ಅಷ್ಟೇ. ಆ ದಿನ ನ್ಯೇಲೆಗೆ ಅಪ್ಪನ ಮೇಲೂ ಸಿಟ್ಟು ಬಂದಿತ್ತು.

*

“ಒಂದೇ ಮೈಕು ಅಂದ್ರೆ ಜನ ನಗ್ತಾರಮ್ಮ. ಕಾಲ ಬದಲಾಗಿದೆ,” ಎಂದ ದ್ರಾಮಾನ ಅಂಗಳದಲ್ಲಿ ವೈರುಗಳನ್ನು ಸುತ್ತುತ್ತ.

“ಕಾಲ ಬದಲಾಗಿರಬಹುದು, ನಿಮ್ಮ ಕಿವಿ ಬದಲಾಗಿಲ್ಲ. ಆಗಲೂ ಕೇಳ್ತಿರಲಿಲ್ಲ, ಈಗಲೂ ಕೇಳಲ್ಲ!”

ಅವಳು ಒಳಗಿನಿಂದ ಅದೇ ಮಣೆ ತಂದು ಗೋಡೆಯ ಬಳಿ ಕುಳಿತಳು. “ಅಜ್ಜ, ಮೂವರೂ ಸ್ವಲ್ಪ ಬಾರಿಸಿ.” ಕೇಳಿದಳು. ಒಂದು ಗೇಣು ಸರಿದಳು. “ಇನ್ನೊಂದ್ಸಲ.” ಮತ್ತೆ ಸರಿದಳು.

ಕೆಲೆಮೊನ್ಸೊನ್ ಕೋಲು ಕೆಳಗಿಟ್ಟ. ಕುಲಿಬಾಲಿ ಕುಲದವರನ್ನು ‘ಅಲಸಂದೆ ತಿನ್ನುವವರು’ ಎಂದು ಛೇಡಿಸುವುದು ಅವನ ಕುಲದವರ ಹಳೆಯ ವಾಡಿಕೆ; ಸಾವಿನ ಮನೆಯಲ್ಲೂ ಬಿಡುವಂತಿಲ್ಲ. “ಈ ಅಲಸಂದೆ ತಿನ್ನೋ ಜಾತಿನೇ ಇಷ್ಟು! ಅಪ್ಪ ಅರ್ಧ ದಿನ ಕಾಯಿಸ್ತಿದ್ದ, ಈಗ ಮಗಳು. ತಿಂದಿದ್ದು ಹೊಟ್ಟೇಲಿ ನೆಂದು ಉಬ್ಬೋವರೆಗೂ ಏಳಲ್ಲ!”

ಅಂಗಳ ನಕ್ಕಿತು. ಬೆಳಗಿನಿಂದ ಅಳದಿದ್ದ ನ್ಯೇಲೆ ನಗುತ್ತ ನಗುತ್ತ ಅತ್ತಳು.

ಮತ್ತೆ ಬಾರಿಸಿದಾಗ ಮೂರೂ ವಾದ್ಯಗಳು ಒಟ್ಟಾಗಿ ಕೇಳಿಸಿದವು. ಅವಳು ಉಳಿದೊಂದು ಮೈಕನ್ನು ತನ್ನ ಕಿವಿಯ ಮಟ್ಟಕ್ಕೆ ತಂದಳು. ಕೈ ತಡೆದಳು. ಅಪ್ಪ ಅವಳಿಗಿಂತ ಎತ್ತರ. ನಾಲ್ಕು ಬೆರಳು ಮೇಲೇರಿಸಿ ಬಿಗಿದು, ಎದ್ದು ಬಂದಳು.

ಅಜ್ಜ ಎತ್ತಿದ ಕೋಲನ್ನು ಹಾಗೇ ಹಿಡಿದ.

“ದ್ರಾಮಾನ, ಪಕ್ಕಕ್ಕೆ ಸರಿ. ಜೂಮಾನಾಗೆ ಅಡ್ಡ ನಿಂತಿದ್ದೀಯ.”

ದ್ರಾಮಾನ ಹಿಂದೆ ನೋಡಿದ. ಖಾಲಿ ಮಣೆ, ಅದರ ಮೇಲೆ ಕಿವಿಯ ಎತ್ತರದಲ್ಲಿ ಒಂದು ಮೈಕು. ವೈರುಗಳನ್ನು ಎದೆಗವುಚಿಕೊಂಡು ಅವನು ಬಾಗಿಲವರೆಗೆ ಸರಿದ.